ಕಿವಿಗೆ ಎಣ್ಣೆ ಬಿಡುವ ಮೊದಲು ಕಿವಿಯ ಮುಂದೆ ಬೆರಳಿಡಿ

ಜಗಿಯುವಾಗ ಕಿವಿ ನೋಯುತ್ತದೆ ಎಂದರೆ ಸಾಕು, ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಬೆಳ್ಳುಳ್ಳಿ ಹಾಕಿದ ಎಣ್ಣೆ ಒಲೆ ಏರುತ್ತದೆ. ದಯವಿಟ್ಟು ಬೇಡ. ಕಿವಿತಮಟೆಯಲ್ಲಿ ತೂತಿದ್ದರೆ ಎಣ್ಣೆ ನಡುಗಿವಿಗೆ ಇಳಿಯುತ್ತದೆ, ಬಿಸಿ ಹೆಚ್ಚಾದರೆ ಚರ್ಮ ಸುಡುತ್ತದೆ. ಕಟಕ ರೊಟ್ಟಿ ಕಡಿದಾಗ, ಅಮೀನಗಡದ ಕರದಂಟು ಜಗಿದಾಗ ಮಾತ್ರ ಏಳುವ ನೋವು ಎಷ್ಟೋ ಸಲ ಕಿವಿಯದ್ದೇ ಅಲ್ಲ; ಕಿವಿಯ ಮುಂದಿನ ದವಡೆ ಕೀಲಿನದೋ, ಜೊಲ್ಲುಗ್ರಂಥಿಯದೋ ಆಗಿರಬಹುದು.

ತೋರುಬೆರಳನ್ನು ಕಿವಿತೂತಿಗೆ ಸ್ವಲ್ಪ ಮುಂದೆ ಇಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಬೆರಳಿನಡಿ ಗುಂಡಗಿನ ಎಲುಬೊಂದು ಮುಂದಕ್ಕೆ ಸರಿಯುತ್ತದೆ. ಅದೇ ಕೆಳದವಡೆಯ ತಲೆ. ಬಾಯಿ 20–25 ಮಿಲಿಮೀಟರ್ ತೆರೆಯುವವರೆಗೆ ಅದು ಹೆಚ್ಚಾಗಿ ಇದ್ದಲ್ಲೇ ತಿರುಗುತ್ತದೆ. ಆಮೇಲೆ ತನ್ನ ಮೇಲಿನ ನಾರಿನ ಬಿಲ್ಲೆಯನ್ನೂ ಎಳೆದುಕೊಂಡು, ತಲೆಬುರುಡೆಯ ಕುಳಿಯಿಂದ ಎದುರಿನ ದಿಬ್ಬದಡಿಗೆ ಜಾರುತ್ತದೆ. ಬಿಲ್ಲೆ ಮೊದಲೇ ಮುಂದೆ ಸರಿದು ಕೂತಿದ್ದರೆ, ದವಡೆಯ ತಲೆ ಅದರಡಿ ನುಗ್ಗುವಾಗ ‘ಟಕ್’ ಎನ್ನುತ್ತದೆ. ನೋವಿಲ್ಲದ ಟಕ್ಕಿಗೆ ಚಿಕಿತ್ಸೆ ಬೇಕಿಲ್ಲ. ನೋವಿದ್ದರೆ ಕೆಲವು ವಾರ ಮೆತ್ತನೆಯ ಊಟ, ಆಕಳಿಸುವಾಗ ಗದ್ದಕ್ಕೆ ಕೈ ಆಸರೆ. ನಿಮ್ಮದೇ ಮೂರು ಬೆರಳು ಮುಂಹಲ್ಲುಗಳ ನಡುವೆ ಒಂದರ ಮೇಲೊಂದು ಹಿಡಿಸಬೇಕು. ಗುಟ್ಕಾ ತಿನ್ನುವವರಿಗೆ ಅದು ಎರಡಕ್ಕೆ ಇಳಿದಿದ್ದರೆ, ಕೆನ್ನೆಯ ಒಳಪದರ ನಾರುಗಟ್ಟಿರಬಹುದು. ಅದು ಕ್ಯಾನ್ಸರಿಗೆ ತಿರುಗಬಲ್ಲದು.

ಇದೇ ಕೀಲಿನ ಕೆಳಗೆ, ದವಡೆಯ ಹಿಂಬದಿಯ ಅಂಚನ್ನು ಸುತ್ತಿಕೊಂಡು ಪರೋಟಿಡ್ ಜೊಲ್ಲುಗ್ರಂಥಿ ಇದೆ. ಅದರ ಸುಮಾರು 5 ಸೆಂಟಿಮೀಟರ್ ಉದ್ದದ ನಾಳ ಕೆನ್ನೆಯಲ್ಲಿ ಮುಂದೆ ಸಾಗಿ, ಮೇಲಿನ ಎರಡನೇ ದವಡೆಹಲ್ಲಿನ ಎದುರು ಬಾಯೊಳಗೆ ತೆರೆದುಕೊಳ್ಳುತ್ತದೆ. 1660ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆ ಸೀಳುತ್ತಿದ್ದ ನೀಲ್ಸ್ ಸ್ಟೆನ್ಸನ್ ಎಂಬ ತರುಣ ಇದನ್ನು ಕಂಡ. ಇಂಡಿ ತಾಲೂಕಿನ ಲಿಂಬೆಹಣ್ಣಿನ ಹನಿ ನಾಲಿಗೆಗೆ ಬಿದ್ದೊಡನೆ ಜೊಲ್ಲು ಉಕ್ಕುತ್ತದಲ್ಲ, ಆಗ ಕಿವಿಯ ಮುಂದೆ ಬಿಗಿದು ನೋವಾದರೆ ಅನುಮಾನ ಗ್ರಂಥಿಯ ಮೇಲೆ. ಅದರ ಗಟ್ಟಿ ಕವಚ ಹಿಗ್ಗುವುದಿಲ್ಲ, ಅದಕ್ಕೇ ಆ ನೋವು.

ಮಂಗನಬಾವು ಬಂದಾಗ ಊತ ಕಿವಿಯ ಹಾಲೆಯನ್ನೇ ಮೇಲಕ್ಕೆ ನೂಕುತ್ತದೆ. ಕೊರಳಿಗೆ ಬಂಗಾರದ ಸರ ಹಾಕಿದರೆ ಇಳಿಯುತ್ತದೆ ಎನ್ನುತ್ತಾರೆ. ಇದು ವೈರಸ್ಸಿನ ಬಾವು. ಸರ ಇದ್ದರೂ ಇಲ್ಲದಿದ್ದರೂ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಆ ಸಮಯದಲ್ಲಿ ಎಚ್ಚರದಿಂದ ಗಮನಿಸಬೇಕಾದದ್ದು ವೃಷಣದ ಊತ, ಕಿವುಡು, ವಾಂತಿಯೊಡನೆ ಬರುವ ವಿಪರೀತ ತಲೆನೋವನ್ನು.

ಕೀಲು, ಗ್ರಂಥಿ ಎರಡರ ನೋವೂ ಕಿವಿಯದ್ದೆನಿಸುವುದೇಕೆ? ಆರಿಕ್ಯುಲೋಟೆಂಪೊರಲ್ ಎಂಬ ಒಂದೇ ನರ ಕೀಲಿಗೂ, ಕಿವಿನಾಳದ ಮುಂಗೋಡೆಗೂ, ಕಣತಲೆಯ ಚರ್ಮಕ್ಕೂ ಹೋಗುತ್ತದೆ. ನೋವು ಎಲ್ಲಿಂದ ಹೊರಟಿತೆಂದು ಮಿದುಳಿಗೆ ಸರಿಯಾಗಿ ತಿಳಿಯುವುದಿಲ್ಲ. ಜೊಲ್ಲು ಸುರಿಸುವ ಆಜ್ಞೆ ಗ್ರಂಥಿಗೆ ತಲುಪುವುದೂ ಇದೇ ನರದಲ್ಲಿ. ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ಆ ಎಳೆಗಳು ತುಂಡಾದರೆ, ಮತ್ತೆ ಚಿಗುರುವಾಗ ಚರ್ಮದ ಬೆವರುಗ್ರಂಥಿಗಳಿಗೆ ಸೇರಿಬಿಡುತ್ತವೆ. ಆಮೇಲೆ ಹುಳಿ ತಿಂದರೆ ಕೆನ್ನೆ ಬೆವರುತ್ತದೆ! ಪೋಲೆಂಡಿನ ವೈದ್ಯೆ ಲೂಸಿಯಾ ಫ್ರೇ 1923ರಲ್ಲಿ ಇದನ್ನು ವಿವರಿಸಿದರು. ಕೆನ್ನೆಗೆ ಅಯೋಡಿನ್ ಬಳಿದು, ಒಣಗಿದ ಮೇಲೆ ಪಿಷ್ಟದ ಪುಡಿ ಉದುರಿಸಿ ಲಿಂಬೆ ಚೀಪಿಸಿದರೆ, ಬೆವರಿದಲ್ಲೆಲ್ಲ ಕಡುನೀಲಿ ಏಳುತ್ತದೆ.

ಮುಖದ ಸ್ನಾಯುಗಳನ್ನು ಆಡಿಸುವ ನರ ಬೇರೆ. ಅದು ಪರೋಟಿಡ್ಡಿನ ನಡುವೆಯೇ ಹಾದು ಐದು ಕವಲಾಗುತ್ತದೆ. ಕಿವಿಯ ಮುಂದೆ ನೋಯದ ಗಂಟೊಂದು ಬೆಳೆಯುತ್ತಿದ್ದು, ಅದೇ ಬದಿಯ ಕಣ್ಣು ಪೂರ್ತಿ ಮುಚ್ಚದಿದ್ದರೆ ಅಥವಾ ತುಟಿ ಸೊಟ್ಟಗಾದರೆ, ಗಂಟು ನರಕ್ಕೇ ಕೈಹಾಕಿರಬಹುದು. ಲೇಪ ಹಚ್ಚುತ್ತ ಕೂರದೆ ಆ ವಾರವೇ ಶಸ್ತ್ರವೈದ್ಯರಿಗೆ ತೋರಿಸಬೇಕು.