ಸ್ಟಂಟ್ ಸ್ಕೂಟರ್‌ಗೆ ಗ್ರಿಪ್ ಆರಿಸುವಾಗ ಬಣ್ಣ ಕೊನೆಗೆ ನೋಡಿ

ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಗಾಡಿಯ ಮಾತಲ್ಲ. ಕಾಲಿನಿಂದ ತಳ್ಳಿಕೊಂಡು ಹೋಗಿ ಸ್ಕೇಟ್‌ಪಾರ್ಕಿನಲ್ಲಿ ಟೈಲ್‌ವಿಪ್, ಬಾರ್‌ಸ್ಪಿನ್ ಹೊಡೆಯುವ ಪುಟ್ಟ ಸ್ಕೂಟರ್. ಅದರ ಅಗ್ಗದ ಬಿಡಿಭಾಗಗಳಲ್ಲಿ ಒಂದು ಗ್ರಿಪ್, ಅಂದರೆ ಹ್ಯಾಂಡಲ್ ಬಾರ್‌ನ ಎರಡೂ ತುದಿಗೆ ಹಾಕುವ ರಬ್ಬರ್ ಹಿಡಿ. ಕೈಗೆ ತಾಗುವುದೂ ಅದೊಂದೇ. ಆದರೂ ಕೊಳ್ಳುವಾಗ ಮೊದಲು ಕೇಳುವುದು ಬಣ್ಣವನ್ನು. ನೋಡಬೇಕಾದದ್ದು ಮೊದಲು ಉದ್ದ, ಆಮೇಲೆ ದಪ್ಪ, ಆಮೇಲೆ ರಬ್ಬರು ಎಷ್ಟು ಮೆತ್ತಗಿದೆ ಅನ್ನುವುದು. ಬಣ್ಣ ಇವೆಲ್ಲ ಮುಗಿದ ಮೇಲೆ. ಇನ್ನು "ಗ್ರಿಪ್ ತಿರುಗುತ್ತಿದೆ" ಅನ್ನುವ ದೂರಿಗೆ ಬಹುತೇಕ ಸಲ ಕಾರಣ ಗ್ರಿಪ್ ಅಲ್ಲ, ಅದನ್ನು ಹಾಕಿದ ರೀತಿ.

ಬಾರ್ ಉಕ್ಕಿನದಿರಲಿ, ಅಲ್ಯೂಮಿನಿಯಂನದಿರಲಿ, ಕೈ ಹಿಡಿಯುವ ಜಾಗದಲ್ಲಿ ಅದರ ಹೊರವ್ಯಾಸ ಸಾಮಾನ್ಯವಾಗಿ 22.2 ಮಿ.ಮೀ. ಬಿಎಂಎಕ್ಸ್, ಅಂದರೆ ಸ್ಟಂಟ್ ಮಾಡುವ ಪುಟ್ಟ ಸೈಕಲ್ಲಿನ ಅಳತೆಯೂ ಅದೇ, ಹಾಗಾಗಿ ಬಿಎಂಎಕ್ಸ್ ಗ್ರಿಪ್ ಇದಕ್ಕೆ ಸಲೀಸಾಗಿ ಕೂರುತ್ತದೆ. ಗೇರ್ ಸೈಕಲ್ಲಿನ ಗಿಡ್ಡ ಗ್ರಿಪ್ ಮಾತ್ರ ಬೇಡ. ಬ್ರೇಕ್ ಲಿವರ್, ಗೇರ್ ಶಿಫ್ಟರ್‌ಗೆ ಜಾಗ ಬಿಡಬೇಕೆಂದು ಅದನ್ನು ಮೊಟಕು ಮಾಡಿರುತ್ತಾರೆ. ಸ್ಟಂಟ್ ಸ್ಕೂಟರ್‌ನ ಬ್ರೇಕ್ ಹಿಂದಿನ ಚಕ್ರದ ಮೇಲೆ, ಕಾಲಿನಡಿ ಇರುತ್ತದೆ. ಬಾರ್ ಪೂರ್ತಿ ಖಾಲಿ.

ಉದ್ದ ತಿಳಿಯಲು ಬಾರ್ ಹಿಡಿದು, ಕಿರುಬೆರಳಿನ ಹೊರ ಅಂಚಿನಿಂದ ಹೆಬ್ಬೆರಳಿನ ಹೊರ ಅಂಚಿನವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಅದಕ್ಕೆ 35ರಿಂದ 45 ಮಿ.ಮೀ. ಸೇರಿಸಿ. ಅಳತೆ 100 ಮಿ.ಮೀ. ಬಂದರೆ 143 ಮಿ.ಮೀ. ಗ್ರಿಪ್ ಸರಿಹೋಗುತ್ತದೆ, ಓಡಿಐ ಕಂಪನಿಯ ಲಾಂಗ್‌ನೆಕ್ ಈ ಉದ್ದದ್ದೇ. ದೊಡ್ಡ ಕೈಯವರು 160ರ ಆಸುಪಾಸಿನದನ್ನು ನೋಡಬಹುದು. ಈ ಹೆಚ್ಚುವರಿ ಯಾಕೆಂದರೆ, ಬಾರ್‌ಸ್ಪಿನ್‌ನಲ್ಲಿ ಬಾರ್ ಒಂದು ಸುತ್ತು ತಿರುಗಿ ಬಂದಾಗ ಕೈ ಬಿಟ್ಟ ಜಾಗಕ್ಕೇ ಬಂದು ಕೂರುವುದಿಲ್ಲ. ಒಂದೆರಡು ಬೆರಳಗಲ ಒಳಗೆ ಬೀಳುತ್ತದೆ. ಅಲ್ಲಿ ಬರೀ ಲೋಹ ಇದ್ದರೆ, ಬೆವರಿದ ಕೈ ಜಾರಿತೆಂದೇ ಲೆಕ್ಕ.

ಹಾಗಂತ ಉದ್ದ ಇದ್ದಷ್ಟೂ ಒಳ್ಳೆಯದು ಅಂತಲ್ಲ. ವೈ ಆಕಾರದ ಬಾರ್‌ಗಳಲ್ಲಿ ನೇರ ಭಾಗ ಮುಗಿದು ಬಾಗು ಶುರುವಾಗುತ್ತದೆ. ಗ್ರಿಪ್ ಆ ಬಾಗಿನ ಮೇಲೆ ಹತ್ತಿದರೆ ಸುಕ್ಕು ಬಿದ್ದು ಒಳತುದಿ ಲೋಹಕ್ಕೆ ಅಂಟುವುದಿಲ್ಲ, ಸಡಿಲವಾಗುವುದು ಅಲ್ಲಿಂದಲೇ. ಕೊಳ್ಳುವ ಮೊದಲು ನೇರ ಭಾಗವನ್ನು ಅಳೆದುಕೊಳ್ಳಿ. ಉದ್ದ ಹೆಚ್ಚಾದರೆ ಒಳತುದಿಯಲ್ಲಿ ಕತ್ತರಿಸಬಹುದು. ಪೇಪರ್ ಟೇಪನ್ನು ಸುತ್ತಲೂ ನೇರವಾಗಿ ಅಂಟಿಸಿ, ಅದರ ಅಂಚು ಹಿಡಿದು ಹೊಸ ಬ್ಲೇಡಿನಿಂದ ಸುತ್ತ ಕೊಯ್ಯಿರಿ.

ದಪ್ಪದ ವಿಷಯದಲ್ಲಿ ಕೈಯೇ ಅಳತೆಗೋಲು. ತೆಳು ಗ್ರಿಪ್ ಹಾಕಿದ ಮೇಲೆ ಒಟ್ಟು ವ್ಯಾಸ 29 ಮಿ.ಮೀ. ಸುತ್ತಮುತ್ತ ಬರುತ್ತದೆ, ದಪ್ಪದ್ದು 32 ದಾಟುತ್ತದೆ. ಮುಷ್ಟಿ ಹಿಡಿದಾಗ ನಡುಬೆರಳ ತುದಿಗೂ ಹೆಬ್ಬೆರಳ ಬುಡದ ಉಬ್ಬಿಗೂ ಮಧ್ಯೆ ಸ್ವಲ್ಪ ಸಂದು ಉಳಿಯಬೇಕು. ಬೆರಳು ಅಂಗೈಗೇ ಒತ್ತಿದರೆ ತೆಳುವಾಯಿತು. ಸಂದು ಎರಡು ಬೆರಳಷ್ಟಾದರೆ ದಪ್ಪವಾಯಿತು. ಆಗ ಹಿಡಿತ ಬಿಗಿಯಾಗದೆ ಮುಂಗೈ ಬೇಗ ಸೋಲುತ್ತದೆ. ಮಕ್ಕಳಿಗೆ "ಮೆತ್ತಗಿರಲಿ" ಅಂತ ದಪ್ಪ ಗ್ರಿಪ್ ಕೊಡಿಸುವ ಅಪ್ಪ ಅಮ್ಮಂದಿರು ಇದನ್ನು ಗಮನಿಸಬೇಕು. ಗ್ಲೌಸ್ ಹಾಕುವವರು ಒಂದು ಹಂತ ತೆಳುವಾದದ್ದನ್ನೇ ಆರಿಸಲಿ.

ವಸ್ತು ಹೆಚ್ಚಾಗಿ ಟಿಪಿಆರ್ ಅಥವಾ ಕ್ರೇಟಾನ್, ಎರಡೂ ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್. ಪ್ಯಾಕೆಟ್ ಮೇಲೆ ಶೋರ್ ಎ ಅಂತ ಸಂಖ್ಯೆ ಇದ್ದರೆ, ಅದು ಕಡಿಮೆ ಇದ್ದಷ್ಟೂ ಮೆತ್ತಗೆ. ಮೆತ್ತನೆಯದು ಪೆಟ್ಟನ್ನು ನುಂಗಿಕೊಳ್ಳುತ್ತದೆ, ಕೈ ಬೊಬ್ಬೆ ಕಡಿಮೆ. ಆದರೆ ಬೇಗ ಸವೆಯುತ್ತದೆ, ಹರಿಯುತ್ತದೆ. ರ‍್ಯಾಂಪಿನಿಂದ ಎತ್ತರಕ್ಕೆ ಹಾರುವವರಿಗೆ ಮೆತ್ತನೆಯದು, ರಸ್ತೆ ಬದಿಯ ಮೆಟ್ಟಿಲು ಕಟ್ಟೆಗಳ ಮೇಲೆ ದಿನವೂ ಸ್ಕೂಟರ್ ಬೀಳಿಸುವವರಿಗೆ ನಡುವಿನದು ಅನ್ನುವುದು ನಮ್ಮ ಸಲಹೆ. ಮಡಚುವ ಸ್ಕೂಟರ್‌ಗಳಲ್ಲಿ ಬರುವ ಫೋಮ್ ಗ್ರಿಪ್ ಸ್ಟಂಟಿಗಲ್ಲ. ನೀರು ಹೀರುತ್ತದೆ, ಉಗುರು ತಾಗಿದರೂ ಕಿತ್ತು ಬರುತ್ತದೆ.

ಮೇಲಿನ ಕೆತ್ತನೆಗೂ ಕೆಲಸವಿದೆ. ಬಳೆಯಂತೆ ಸುತ್ತಲೂ ಇರುವ ಗೆರೆಗಳು ಕೈ ಹೊರಕ್ಕೆ ಜಾರುವುದನ್ನು ತಡೆಯುತ್ತವೆ. ಗ್ರಿಪ್ ಉದ್ದಕ್ಕೆ ಇರುವ ಗೆರೆಗಳು ಮಣಿಕಟ್ಟು ತಿರುಗುವುದನ್ನು. ಟೈಲ್‌ವಿಪ್‌ನಲ್ಲಿ ಕಾಲಿಡುವ ಹಲಗೆ, ಅಂದರೆ ಡೆಕ್ ಸುತ್ತುವಾಗ ಕೈಯನ್ನು ಹೊರಕ್ಕೆ ಎಳೆಯುವುದರಿಂದ ತೆಳುವಾದ ಬಳೆಗೆರೆಯ ಗ್ರಿಪ್ ಇಷ್ಟು ಚಾಲ್ತಿಯಲ್ಲಿದೆ. ಒಳತುದಿಯಲ್ಲಿ ಅಗಲ ಅಂಚು, ಅಂದರೆ ಫ್ಲೇಂಜ್ ಇರುವುದು ಬೇಡ. ಕೈ ಒಳಗೆ ಸರಿಯುವಾಗ ಹೆಬ್ಬೆರಳು ಅದಕ್ಕೆ ತಗಲುತ್ತದೆ. ಬೋಲ್ಟ್ ಬಿಗಿಯುವ ಲಾಕ್-ಆನ್ ಗ್ರಿಪ್ ತಿರುಗುವುದಿಲ್ಲ, ನಿಜ. ಆದರೆ ಒಳಗಿನ ಗಟ್ಟಿ ಪ್ಲಾಸ್ಟಿಕ್ ಕೊಳವೆಯಿಂದಾಗಿ ರಬ್ಬರಿಗೆ ಜಾಗ ಕಡಿಮೆ, ಲೋಹದ ಪಟ್ಟಿ ಅಂಗೈಗೆ ಒತ್ತುತ್ತದೆ. ಬೆಟ್ಟದ ಸೈಕಲ್ಲಿಗೆ ಅದು ಸರಿ.

ಗ್ರಿಪ್ ಸಾಯುವುದು ಸಾಮಾನ್ಯವಾಗಿ ಹೊರತುದಿಯಲ್ಲಿ. ಸ್ಕೂಟರ್ ಬಿದ್ದಾಗ ಕಾಂಕ್ರೀಟಿಗೂ ಬಾರ್ ಕೊಳವೆಯ ಅಂಚಿಗೂ ನಡುವೆ ಸಿಕ್ಕ ರಬ್ಬರು ಒಳಗಿನಿಂದ ಕೊಯ್ದುಕೊಳ್ಳುತ್ತದೆ, ನೀಟಾಗಿ ಉಂಗುರದ ಹಾಗೆ. ಬಾರ್ ಕತ್ತರಿಸಿ ಗಿಡ್ಡ ಮಾಡಿದ್ದರೆ ಇದು ಇನ್ನೂ ಬೇಗ. ಹ್ಯಾಕ್ಸಾ ಗರಗಸದಿಂದ ಕೊಯ್ದ ಅಂಚಿನಲ್ಲಿ ಚೂಪು ಮುಳ್ಳುಗಳು ಉಳಿದಿರುತ್ತವೆ. ಪೈಪ್ ಕಟರ್ ಬಳಸಿದರೆ ಅಂಚು ಒಳಕ್ಕೆ ಮಡಚಿ ತೂತು ಕಿರಿದಾಗುತ್ತದೆ, ತುದಿ ಮುಚ್ಚುವ ಬಿರಡೆ, ಅಂದರೆ ಬಾರ್ ಎಂಡ್ ಒಳಗೆ ಹೋಗುವುದಿಲ್ಲ. ಚಪ್ಪಟೆ ಅರದಿಂದ ಹೊರಗೆ, ದುಂಡು ಅರದಿಂದ ಒಳಗೆ ಉಜ್ಜಿ, ಬೆರಳು ಸವರಿದರೆ ಗೀರದಷ್ಟು ನುಣುಪು ಮಾಡಿ. ಬಾರ್ ಎಂಡ್ ಇಲ್ಲದೆ ಓಡಿಸಲೇಬಾರದು. ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ಚುಚ್ಚಿದರೆ ಒಳಗಿನ ಅಂಗಗಳಿಗೇ ಪೆಟ್ಟು. ಅಲ್ಯೂಮಿನಿಯಂ ಬಾರ್‌ನ ಗೋಡೆ ದಪ್ಪ, ಒಳತೂತು ಸಣ್ಣದು. ಉಕ್ಕಿನ ಬಾರ್‌ನ ಬಾರ್ ಎಂಡ್ ಅದಕ್ಕೆ ಹೊಂದುವುದಿಲ್ಲ. ಬಾರ್ ಯಾವ ಲೋಹದ್ದು ಅಂತ ಹೇಳಿಯೇ ಕೊಳ್ಳಿ.

ಈಗ ಹಾಕುವುದು. ಹಳೆಯ ಅಂಟು, ಎಣ್ಣೆ ಜಿಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಗ್ರಿಪ್‌ನ ಒಂದು ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಒಳಗೆ ಒಂದು ಟೀ ಚಮಚ ಆಲ್ಕೋಹಾಲ್ ಹಾಕಿ, ಅಲ್ಲಾಡಿಸಿ, ಮಿಕ್ಕಿದ್ದನ್ನು ಬಾರ್ ತುದಿಯ ಮೇಲೆ ಸುರಿಯಿರಿ. ತಡಮಾಡದೆ ಒಂದೇ ತಳ್ಳಿಗೆ ಕೊನೆಯವರೆಗೆ ನೂಕಿ. ಅರ್ಧದಲ್ಲಿ ನಿಂತರೆ ಆಲ್ಕೋಹಾಲ್ ಆವಿಯಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಕೆತ್ತನೆ ನೇರ ಇದೆಯೇ ನೋಡಿ, ಬಾರ್ ಎಂಡ್ ಹಾಕಿ, ಒಂದು ರಾತ್ರಿ ಮುಟ್ಟದೆ ಬಿಡಿ. ಮಳೆಗಾಲದಲ್ಲಿ, ಮಂಗಳೂರು ಉಡುಪಿ ಕಡೆಯ ತೇವದಲ್ಲಿ, ಇನ್ನೂ ಅರ್ಧ ದಿನ ಕೊಡಿ.

ಹೇರ್ ಸ್ಪ್ರೇ ಕೂಡ ನಡೆಯುತ್ತದೆ. ಒದ್ದೆಯಿದ್ದಾಗ ಜಾರಿ, ಒಣಗಿದ ಮೇಲೆ ಅಂಟಾಗುತ್ತದೆ. ಆದರೆ ಸ್ಕೂಟರ್‌ಗೆ ನೀರು ಹೊಡೆದು ತೊಳೆಯುವವರಿಗೆ ಬೇಡ, ನೆನೆದರೆ ಆ ಅಂಟು ಬಿಡುತ್ತದೆ. ಗ್ರಿಪ್ ಹಾಕಲು ಸೋಪಿನ ನೀರು ಬಳಸಿದರೆ ಅದು ಒಳಗೆ ಸಿಕ್ಕಿಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುವುದರಿಂದ ಜಾರುವ ಪದರ ಉಳಿಯುತ್ತದೆ. ಕೊಬ್ಬರಿ ಎಣ್ಣೆಯಾಗಲಿ ಡಬ್ಲ್ಯುಡಿ-40 ಆಗಲಿ ಹಚ್ಚಿದರೆ ಆ ಗ್ರಿಪ್ ತಿರುಗುವುದು ಖಾತ್ರಿ.

ಬಿಚ್ಚುವಾಗ ಕೊಯ್ಯುವ ಅಗತ್ಯವಿಲ್ಲ. ಉದ್ದನೆಯ ತೆಳು ಸ್ಕ್ರೂಡ್ರೈವರನ್ನು ಗ್ರಿಪ್ ಕೆಳಗೆ ತೂರಿಸಿ, ಸಂದಿಗೆ ಆಲ್ಕೋಹಾಲ್ ಹನಿಸಿ, ಸುತ್ತಲೂ ಆಡಿಸಿದರೆ ಕಳಚುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗನ್‌ನ ಮೂತಿ ಅಂಚಿನಡಿ ಇಟ್ಟು ಗಾಳಿ ಹೊಡೆದರೂ ಆಯಿತು. ಗ್ರಿಪ್ ಸಿಡಿದು ಹಾರಬಹುದು, ಎದುರಿಗೆ ಯಾರೂ ನಿಲ್ಲದಿರಲಿ. ಒಂದು ಬದಿ ಮಾತ್ರ ಸವೆದಿದ್ದರೆ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ಹೊರತುದಿಯಲ್ಲಿ ಲೋಹ ಇಣುಕಿದ್ದರೆ ಅಥವಾ ಒಣಗಿದ ಮೇಲೂ ಎರಡು ಕೈಯಲ್ಲಿ ಹಿಂಡಿದಾಗ ತಿರುಗಿದರೆ ಬದಲಾಯಿಸಿ. ಆಗಲೂ ಜೋಡಿಯಾಗಿಯೇ ಬದಲಾಯಿಸಬೇಕು, ಒಂದು ಹೊಸದು ಒಂದು ಹಳೆಯದು ಆದರೆ ಎರಡು ಕೈಯ ಹಿಡಿತ ಹೊಂದುವುದಿಲ್ಲ.