ಸವೆದ ಗೇರ್ ನಾಬ್‌ಗೆ ಹೊಸ ಚರ್ಮ: ನಾನು ಬರೆದಿಟ್ಟುಕೊಂಡ ಟಿಪ್ಪಣಿ

ನನ್ನ ಕಾರಿನ ಗೇರ್ ನಾಬ್ ಮೊದಲು ಎಣ್ಣೆ ಸವರಿದ ಹಾಗೆ ಮಿನುಗತೊಡಗಿತು. ಆಮೇಲೆ ಅಂಗೈ ಕೂರುವ ಜಾಗದಲ್ಲಿ ಸಿಪ್ಪೆ ಎದ್ದಿತು. ಕೊನೆಗೆ ಹಿಂಬದಿಯ ಹೊಲಿಗೆ ಕಿತ್ತು, ಚರ್ಮ ಬಾಯಿ ಬಿಟ್ಟಿತು. ಹೊಸ ನಾಬ್ ತಂದು ಹಾಕಬಹುದಿತ್ತು. ಆದರೆ ಅಂಗೈಯಗಲದ ಚರ್ಮ, ಎರಡು ಸೂಜಿ, ಒಂದು ಮಾರು ದಾರ, ಇಷ್ಟರ ಕೆಲಸ ತಾನೇ ಎಂದು ಕೈ ಹಾಕಿದೆ. ಮೂರು ಸಲ ಮಾಡಿದೆ. ಮೊದಲ ಎರಡು ಕೆಟ್ಟವು. ಎರಡೂ ಸಲ ತಪ್ಪು ಹೊಲಿಗೆಯದ್ದಲ್ಲ, ಕೆಟ್ಟಿದ್ದು ಸೂಜಿ ಹಿಡಿಯುವ ಮುಂಚೆಯೇ. ಅದಕ್ಕೇ ಈ ಟಿಪ್ಪಣಿಯಲ್ಲಿ ಹೊಲಿಗೆಗಿಂತ ಪ್ಯಾಟರ್ನ್ ಬಗ್ಗೆ, ಅಂದರೆ ಚರ್ಮ ಕತ್ತರಿಸಲು ಮಾಡಿಕೊಳ್ಳುವ ಕಾಗದದ ಮಾದರಿಯ ಬಗ್ಗೆ, ಜಾಸ್ತಿ ಇದೆ.

ಮೊದಲು ನೋಡಿಕೊಳ್ಳಿ: ನಿಜಕ್ಕೂ ಚರ್ಮ ಹೋಗಿದೆಯಾ?

ಕಾರಿನೊಳಗಿನ ಚರ್ಮವನ್ನು ಮುಟ್ಟಿದಾಗ ಸಾಮಾನ್ಯವಾಗಿ ನಮ್ಮ ಕೈಗೆ ತಾಗುವುದು ಅದರ ಮೇಲಿನ ಬಣ್ಣದ ಲೇಪ. ಅದು ತೆಳ್ಳನೆಯ ಪಾಲಿಯುರೇಥೇನ್ ಪದರ. ಬೆವರು, ಕೈಯ ಜಿಡ್ಡು, ಸ್ಯಾನಿಟೈಸರ್‌ನ ಆಲ್ಕೋಹಾಲ್, ಗಾಜಿನೊಳಗೆ ಬರುವ ಬಿಸಿಲು ಎಲ್ಲ ಸೇರಿ ಮೊದಲು ಆ ಪದರವನ್ನು ತಿನ್ನುತ್ತವೆ. ಬೆರಳಿನ ಉಂಗುರ ಉಳಿದ ಕೆಲಸ ಮುಗಿಸುತ್ತದೆ. ಬಣ್ಣ ಮಾತ್ರ ಹೋಗಿ ಚರ್ಮ ಗಟ್ಟಿಯಾಗಿದ್ದರೆ ಜಿಡ್ಡು ತೆಗೆದು ಚರ್ಮದ ಬಣ್ಣ ಹಚ್ಚಿದರೆ ಸಾಕು. ಉಗುರಿನಿಂದ ಕೆರೆದಾಗ ಕೆಳಗಿನ ನಾರು ಹತ್ತಿಯ ಹಾಗೆ ಎದ್ದು ಬಂದರೆ ಬಣ್ಣದಿಂದ ಆಗುವ ಕೆಲಸ ಅಲ್ಲ. ಮುಂದೆ ಓದಿ.

ಬಿಚ್ಚುವುದು

ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಅಡ್ಡ ಏನಾದರೂ ಇಡಿ. ನಾಬ್‌ನ ಕೆಳಗಿನ ಗೇಟರ್ ಅನ್ನು, ಅಂದರೆ ಲಿವರ್ ಸುತ್ತ ಇರುವ ಚರ್ಮದ ಲಂಗವನ್ನು, ಕ್ಲಿಪ್‌ಗಳಿಂದ ಬಿಡಿಸಿ ಒಳಮೈ ಹೊರಗೆ ಬರುವಂತೆ ಮೇಲೆತ್ತಿ. ಈಗ ನಾಬ್ ಹೇಗೆ ಕೂತಿದೆ ಎಂದು ಕಾಣುತ್ತದೆ. ಕೆಲವು ತಿರುಪಿನವು, ಎಡಕ್ಕೆ ತಿರುಗಿಸಿದರೆ ಬರುತ್ತವೆ. ಕೆಲವಕ್ಕೆ ಕೆಳಗೆ ಕ್ಲಾಂಪ್ ಅಥವಾ ಚಿಕ್ಕ ಸ್ಕ್ರೂ ಇರುತ್ತದೆ. ಇನ್ನು ಕೆಲವು ಸುಮ್ನೆ ಒತ್ತಿ ಕೂರಿಸಿದವು, ಎರಡೂ ಕೈಯಲ್ಲಿ ಹಿಡಿದು ನೇರ ಮೇಲೆ ಎಳೆಯಬೇಕು. ಎಳೆಯುವಾಗ ಮುಖವನ್ನು ಆ ದಾರಿಯಲ್ಲಿ ಇಡಬೇಡಿ. ನಾನು ಇಟ್ಟಿದ್ದೆ. ಎರಡು ದಿನ ಗಲ್ಲ ಊದಿತ್ತು.

ರಿವರ್ಸ್ ಗೇರ್ ಹಾಕಲು ಬೆರಳಿನಿಂದ ಎತ್ತುವ ಕಾಲರ್, ಅಂದರೆ ನಾಬ್‌ನ ಕೆಳಗಿನ ಬಳೆ, ಇದ್ದರೆ ಅದನ್ನು ಹಿಡಿದು ತಿರುಚಬೇಡಿ. ಒಳಗಿನ ತಂತಿ ಕಿತ್ತು ಬರಬಹುದು. ಆಟೊಮ್ಯಾಟಿಕ್ ಗಾಡಿಯ ನಾಬ್‌ನಲ್ಲಿ ಬಟನ್, ಸ್ಪ್ರಿಂಗ್, ಕೆಲವೊಮ್ಮೆ ವೈರ್ ಇರುತ್ತವೆ. ಮೊದಲ ಸಲ ಕಲಿಯಲು ಅದು ಒಳ್ಳೆಯ ಆಯ್ಕೆ ಅಲ್ಲ.

ಹಳೆಯ ಚರ್ಮ ಒಳ್ಳೆಯ ಮೇಷ್ಟ್ರು, ಆದರೆ ಪೂರ್ತಿ ನಂಬಬಾರದು

ಕಿತ್ತು ಎಸೆಯುವ ಮುಂಚೆ ಚರ್ಮದ ಮೇಲೆಯೇ ಪೆನ್ನಿನಿಂದ ಮುಂದೆ, ಹಿಂದೆ, ಎಡ, ಬಲ ಎಂದು ಗುರುತು ಹಾಕಿ. ಬ್ಲೇಡ್‌ನಲ್ಲಿ ದಾರವನ್ನಷ್ಟೇ ಕತ್ತರಿಸಿ. ನನ್ನ ನಾಬ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ತುಂಡು ಇದ್ದವು. ಮುಂದೆ ಒಂದು ಹೊಲಿಗೆ, ಹಿಂದೆ ಒಂದು. ಮೇಲಿನ ಅಂಚು ಗೇರ್ ಸಂಖ್ಯೆಯ ಪ್ಲಾಸ್ಟಿಕ್ ಬಿಲ್ಲೆಯ ಕೆಳಗೆ, ಕೆಳಗಿನ ಅಂಚು ಕ್ರೋಮ್ ಬಳೆಯೊಳಗೆ ಸಿಕ್ಕಿಸಿದ್ದರು. ಬಳೆಯೊಳಗೆ ಅಡಗಿದ್ದ ಅಂಚಿನಲ್ಲಿ ಗಾಡಿ ಬಂದ ದಿನದ ಬೂದು ಬಣ್ಣ ಹಾಗೇ ಇತ್ತು. ಅದರ ಪಕ್ಕದಲ್ಲೇ ಅಂಗೈ ಜಾಗ ಕರ್ರಗೆ, ಗಾಜಿನ ಹಾಗೆ.

ಹಿಂಬದಿಯ ಅಂಚಿನಲ್ಲಿ ತೂತು ಎಣಿಸಿದೆ. ಈ ಕಡೆ 23, ಆ ಕಡೆ 23. ಹತ್ತಿರದಿಂದ ನೋಡಿದರೆ ತೂತುಗಳು ದುಂಡಗಿಲ್ಲ. ನಡು ಭಾಗದವು ಅಕ್ಕಿಕಾಳಿನ ಹಾಗೆ ಉದ್ದಕ್ಕೆ ಹಿಗ್ಗಿದ್ದವು, ಮೇಲೆ ಕೆಳಗಿನವು ಹೆಚ್ಚೂಕಮ್ಮಿ ದುಂಡಗೆ. ನಾಬ್‌ನ ಹೊಟ್ಟೆಯ ಬಳಿ ಚರ್ಮವನ್ನು ಜೋರಾಗಿ ಎಳೆದಿದ್ದರು ಎಂದು ಅಲ್ಲೇ ಗೊತ್ತಾಗುತ್ತದೆ.

ಇದನ್ನು ನೋಡಿಯೂ ನಾನು ಮೊದಲ ತಪ್ಪು ಮಾಡಿದೆ. ಹಳೆಯ ತುಂಡನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಹಾಗೇ ಕತ್ತರಿಸಿದೆ. ಆ ಚರ್ಮ ವರ್ಷಗಟ್ಟಲೆ ಬಿಗಿಯಾಗಿ ಹಿಗ್ಗಿಕೊಂಡೇ ಇದ್ದದ್ದು. ಬಿಚ್ಚಿದ ಮೇಲೂ ಅದು ಹಿಂದಿನ ಅಳತೆಗೆ ಕುಗ್ಗುವುದಿಲ್ಲ. ಅದರ ಅಳತೆಗೆ ಕತ್ತರಿಸಿದ ಹೊಸ ಚರ್ಮ ಸಡಿಲವಾಯಿತು. ಹೊಲಿಗೆ ಅಂದವಾಗಿತ್ತು, ಆದರೆ ಮೂರನೇ ಗೇರಿಗೆ ತಳ್ಳಿದಾಗ ಕವರ್ ನಾಬ್‌ನ ಮೇಲೆ ಕಾಲುಚೀಲದ ಹಾಗೆ ಜಾರುತ್ತಿತ್ತು.

ಚಪ್ಪಟೆ ಚರ್ಮ, ದುಂಡು ನಾಬ್

ಇದು ಸ್ವಲ್ಪ ಗಣಿತ, ಆದರೆ ಬಿಡಬೇಡಿ. ಚಪ್ಪಟೆಯಾದ ಹಾಳೆಯನ್ನು ಚೆಂಡಿನ ಮೇಲೆ ಸುಕ್ಕಿಲ್ಲದೆ ಹೊದಿಸಲು ಸಾಧ್ಯವೇ ಇಲ್ಲ. ಎಲ್ಲಾದರೂ ಹಿಗ್ಗಬೇಕು, ಇಲ್ಲವೇ ಕತ್ತರಿಸಬೇಕು. ಇದರ ಹಿಂದಿನ ಗಣಿತವನ್ನು ಜರ್ಮನ್ ಗಣಿತಜ್ಞ ಗಾಸ್ 1827ರಲ್ಲೇ ತೋರಿಸಿಕೊಟ್ಟ. ಕಿತ್ತಳೆ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ನೋಡಿ, ಅಂಚು ಸೀಳುತ್ತದೆ. ಅದೇ ಲೆಕ್ಕ. ಬೇಸ್‌ಬಾಲ್ ಮಾಡುವವರು ಎಂಟರ ಆಕಾರದ ಎರಡು ತುಂಡು ಸೇರಿಸಿ 108 ಜೋಡಿ ಹೊಲಿಗೆ ಹಾಕುತ್ತಾರೆ. ಒಳ್ಳೆಯ ಕ್ರಿಕೆಟ್ ಚೆಂಡಿಗೆ ನಾಲ್ಕು ತುಂಡು. ತುಂಡು ಹೆಚ್ಚಾದಷ್ಟು ಒಂದೊಂದು ತುಂಡೂ ಹಿಗ್ಗಬೇಕಾದ್ದು ಕಡಿಮೆ.

ಪ್ಯಾಟರ್ನ್ ತೆಗೆಯಲು ನನಗೆ ಸರಿಬಂದ ದಾರಿ ಇದು. ನಾಬ್‌ಗೆ ಅಡುಗೆಮನೆಯ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ. ಅದರ ಮೇಲೆ ಕಾಗದದ ಮಾಸ್ಕಿಂಗ್ ಟೇಪನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಎರಡು ಪದರ ಅಂಟಿಸಿ. ಹೊಲಿಗೆ ಎಲ್ಲಿ ಬರಬೇಕೋ ಅಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಗೆರೆಗೆ ಅಡ್ಡವಾಗಿ 10 ಮಿಲಿಮೀಟರಿಗೊಂದು ಗುರುತು ಹಾಕಿ. ಆಮೇಲೆ ಎರಡೂ ತುಂಡು ಎಲ್ಲಿ ಸೇರಬೇಕು ಎಂದು ಹೇಳುವುದು ಈ ಅಡ್ಡ ಗುರುತುಗಳೇ. ಗೆರೆಯ ಮೇಲೆ ಕತ್ತರಿಸಿ ಟೇಪಿನ ಚಿಪ್ಪನ್ನು ಬಿಡಿಸಿ.

ಅದನ್ನು ಕಾಗದದ ಮೇಲೆ ಒತ್ತಿದರೆ ಚಪ್ಪಟೆಯಾಗುವುದಿಲ್ಲ. ಅಂಚಿನಲ್ಲಿ ಅಲ್ಲಲ್ಲಿ ಚಿಕ್ಕ ಸೀಳು ಕೊಡಿ. ಸೀಳು ಬಾಯಿ ತೆರೆಯುತ್ತದೆ. ಎಲ್ಲಿ ಎಷ್ಟು ತೆರೆಯಿತೋ ಅಲ್ಲಿ ಚರ್ಮದ ಅಂಚು ಅಷ್ಟು ಹೆಚ್ಚುವರಿ ಆಗಲಿದೆ ಎಂದರ್ಥ, ಸುಕ್ಕು ಬರುವುದೂ ಅಲ್ಲೇ. ಅದನ್ನು ತಪ್ಪಿಸಬೇಕಾದರೆ ತುಂಡಿನ ನಡು ಹಿಗ್ಗಬೇಕು. ನಡು ಹಿಗ್ಗಬೇಕಾದರೆ ತುಂಡು ಬೇಕಾದ್ದಕ್ಕಿಂತ ಚಿಕ್ಕದಿರಬೇಕು. ಇದು ತಲೆಗೆ ಹೋಗಲು ನನಗೆ ಎರಡು ತುಂಡು ಚರ್ಮ ಬೇಕಾಯಿತು!

ಲೆಕ್ಕ ಹೀಗೆ. ನಾಬ್‌ನ ಅಗಲ 50 ಮಿಲಿಮೀಟರ್ ಇದ್ದರೆ ಸುತ್ತಳತೆ ಸುಮಾರು 157. ಎರಡು ತುಂಡಿನಲ್ಲಿ ಒಂದೊಂದಕ್ಕೆ 78ಕ್ಕೆ ಸ್ವಲ್ಪ ಜಾಸ್ತಿ. ನಾನು ಹಿಂದಿನ ಹೊಲಿಗೆಯ ಕಡೆ ಪ್ರತಿ ಅಂಚಿನಿಂದ 2.5 ಮಿಲಿಮೀಟರ್ ತೆಗೆದೆ. ಕವರ್ ಹೊದಿಸಿದಾಗ ಹಿಂದೆ 5 ಮಿಲಿಮೀಟರ್ ಬಿಟ್ಟುಕೊಂಡಿರಬೇಕು. ಆ ಸಂದನ್ನು ಹೊಲಿಗೆ ಎಳೆದು ಮುಚ್ಚುತ್ತದೆ. ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯಾ ನೋಡಿ. ಮೇಲೆ ಸಣ್ಣ, ಕೆಳಗೆ ದೊಡ್ಡ ಆಗಿದ್ದರೆ ಪ್ಯಾಟರ್ನ್ ಓರೆಯಾಗಿದೆ. ಆಗ ಚರ್ಮ ಮುಟ್ಟದೆ ಕಾಗದಕ್ಕೇ ಮರಳಿ. ಮೊದಲು ಹಳೆಯ ರೆಕ್ಸಿನ್ ತುಂಡಿನಲ್ಲಿ ಒಮ್ಮೆ ಮಾಡಿ ನೋಡುವುದು ಬೇಜಾರಿನ ಕೆಲಸ, ಆದರೂ ಮಾಡಿ.

ಯಾವ ಚರ್ಮ

0.8ರಿಂದ 1 ಮಿಲಿಮೀಟರ್ ದಪ್ಪ. ಇದರ ಮೇಲೆ ಹೋಗಬೇಡಿ. ನನ್ನ ಎರಡನೇ ಸೋಲು ಇಲ್ಲೇ. ಸೋಫಾದಿಂದ ಉಳಿದ 1.5 ಮಿಲಿಮೀಟರಿನ ಗಟ್ಟಿ ಚರ್ಮ ಸಿಕ್ಕಿತ್ತು. ಪ್ಯಾಟರ್ನ್ ಸರಿ ಇತ್ತು, ಸಂದು ಮಾತ್ರ ಮುಚ್ಚಲೇ ಇಲ್ಲ. ಹಟ ಮಾಡಿ ಎಳೆದೆ. ದಾರ ತಡೆದುಕೊಂಡಿತು, ತೂತುಗಳು ಒಂದರ ಹಿಂದೊಂದು ಹರಿದುಕೊಂಡು ಬಂದವು. ಕೇಳಲು ಪರ್ ಪರ್ ಎಂದು ಹಿತವಾಗಿಯೇ ಇತ್ತು. ದಪ್ಪ ಚರ್ಮದಿಂದ ಇನ್ನೊಂದು ತೊಂದರೆಯೂ ಇದೆ. ಕೆಳಗಿನ ಅಂಚು ಉಬ್ಬಿ ರಿವರ್ಸ್ ಕಾಲರ್ ಮೇಲೇಳುವುದನ್ನು ತಡೆಯುತ್ತದೆ.

ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ, ಚರ್ಮವೇ ಇದಕ್ಕೆ ಸರಿ. ಮೆತ್ತಗಿರುತ್ತದೆ, ಹಿಗ್ಗುತ್ತದೆ, ಬಿಸಿಗೂ ಬೆವರಿಗೂ ತಾಳುತ್ತದೆ. ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮವನ್ನು ಒದ್ದೆ ಮಾಡಿ ಅಚ್ಚಿಗೆ ಕೂರಿಸಬಹುದು, ಅದು ಅದರ ಗುಣ. ಆದರೆ ಬೆವರು ಕುಡಿದು ಬೇಗ ಕಪ್ಪಾಗುತ್ತದೆ. ಚರ್ಮದ ಪುಡಿಯನ್ನು ಅಂಟಿಸಿ ಮಾಡಿದ ಹಾಳೆಯೂ ಚರ್ಮ ಎಂದೇ ಮಾರಾಟವಾಗುತ್ತದೆ. ಅದರ ಬೆನ್ನಿಗೆ ಬಟ್ಟೆಯೋ ಒಂದೇ ಸಮನಾದ ಕಾಗದದಂಥ ಮೈಯೋ ಇರುತ್ತದೆ, ನಾರು ಕಾಣುವುದಿಲ್ಲ. ಎಳೆದರೆ ಹರಿಯುತ್ತದೆ.

ಚರ್ಮ ಎಲ್ಲ ಕಡೆಗೂ ಒಂದೇ ಸಮ ಹಿಗ್ಗುವುದಿಲ್ಲ. ಎರಡು ಹೆಬ್ಬೆರಳಿನ ನಡುವೆ ಹಿಡಿದು ಉದ್ದಕ್ಕೆ, ಅಡ್ಡಕ್ಕೆ ಎಳೆದು ನೋಡಿ. ಹೆಚ್ಚು ಹಿಗ್ಗುವ ದಿಕ್ಕು ನಾಬ್‌ನ ಸುತ್ತ ಬರಲಿ. ಮೇಲಿಂದ ಕೆಳಕ್ಕೆ ಕಡಿಮೆ ಹಿಗ್ಗುವ ದಿಕ್ಕು.

ಹೊಲಿಗೆ

ಮುಂದಿನ ಹೊಲಿಗೆಯನ್ನು ಮೇಜಿನ ಮೇಲೆಯೇ ಮುಗಿಸಿ. ಎರಡೂ ತುಂಡಿನ ಒಳ್ಳೆಯ ಮೈ ಒಂದಕ್ಕೊಂದು ತಾಗುವಂತೆ ಇಟ್ಟು, ಅಂಚಿನಿಂದ 3 ಮಿಲಿಮೀಟರ್ ಒಳಗೆ ಹೊಲಿಯಿರಿ. ಈ 3 ಮಿಲಿಮೀಟರನ್ನು ಪ್ಯಾಟರ್ನ್‌ನಲ್ಲಿ ಮೊದಲೇ ಸೇರಿಸಿರಬೇಕು. ಒಳಗಿನ ಅಂಚುಗಳನ್ನು ಬ್ಲೇಡಿನಿಂದ ಸವರಿ ತೆಳ್ಳಗೆ ಮಾಡಿ, ಎರಡು ಕಡೆಗೆ ಬಿಡಿಸಿ ಅಂಟಿಸಿ. ಇಲ್ಲದಿದ್ದರೆ ಅಂಗೈಗೆ ಹುರಿ ಸಿಕ್ಕಿದ ಹಾಗೆ ತಾಗುತ್ತಲೇ ಇರುತ್ತದೆ. ಹಿಂದಿನ ಹೊಲಿಗೆಯ ಅಂಚನ್ನು ಮಾತ್ರ ತೆಳ್ಳಗೆ ಮಾಡಬೇಡಿ, ಎಳೆತವೆಲ್ಲ ಆ ಅಂಚಿನ ಮೇಲೆಯೇ ಬೀಳುವುದು.

ಹಿಂದೆ, ಅಂಚಿನಿಂದ 2.5 ಮಿಲಿಮೀಟರ್ ಒಳಗೆ, 4 ಮಿಲಿಮೀಟರಿಗೊಂದು ತೂತು. ಎರಡೂ ಕಡೆ ಎಣಿಕೆ ಒಂದೇ ಇರಬೇಕು. ಒಂದು ತೂತು ಹೆಚ್ಚಾದರೂ ಕೊನೆಗೆ ಹೊಲಿಗೆ ಓರೆಯಾಗುತ್ತದೆ. ದಾರ 0.8 ಮಿಲಿಮೀಟರಿನ ಮೇಣದ ಪಾಲಿಯೆಸ್ಟರ್. ಬಿಸಿಲಿಗೆ ನೈಲಾನ್‌ಗಿಂತ ಇದು ಚೆನ್ನಾಗಿ ತಾಳುತ್ತದೆ. ಹತ್ತಿ ದಾರ ಬೇಡ. ಉದ್ದ, ಹೊಲಿಗೆಯ ಎಂಟು ಪಟ್ಟು ಇರಲಿ. ದಾರದ ಎರಡೂ ತುದಿಗೆ ಮೊಂಡು ಮೂತಿಯ ಒಂದೊಂದು ಸೂಜಿ.

ಅಂಟು ಮೇಲಿನ ಅಂಚಿಗೆ ಮತ್ತು ಕೆಳಗಿನ ಅಂಚಿಗೆ ಮಾತ್ರ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು 10–15 ನಿಮಿಷ ಬಿಟ್ಟು, ಆಮೇಲೆ ಒತ್ತಿ. ಒಮ್ಮೆ ತಾಗಿತೋ ಸರಿಸಲು ಆಗುವುದಿಲ್ಲ. ಕಿಟಕಿ ತೆರೆದಿಡಿ. ಮೈಪೂರ್ತಿ ಅಂಟು ಹಚ್ಚಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅಂಟು ಮೆತ್ತಗಾಗುತ್ತದೆ, ಭಾರ ಹೊರಬೇಕಾದ್ದು ಹೊಲಿಗೆ. ಹಳೆಯ ಅಂಟು ತೆಗೆಯಲು ಅಸಿಟೋನ್ ಬಳಸಬೇಡಿ, ನಾಬ್‌ನ ಪ್ಲಾಸ್ಟಿಕ್ ಅನ್ನೇ ಕರಗಿಸಬಹುದು.

ಈಗ ಕವರ್ ಹೊದಿಸಿ, ಮೇಲಿನ ಅಂಚು ಅಂಟಿಸಿ. ಕೆಳಗಿನದು ಆಮೇಲೆ. ಮೇಲಿನ ಮೊದಲ ಜೋಡಿ ತೂತಿನಲ್ಲಿ ಎರಡೂ ಸೂಜಿ ಒಳಗಿಂದ ಹೊರಗೆ ಬರಲಿ. ಎಡದ ಸೂಜಿ ಸಂದಿನ ಮೇಲೆ ದಾಟಿ, ಸಂದಿನೊಳಗೆ ಇಳಿದು, ಬಲಗಡೆಯ ಮುಂದಿನ ತೂತಿನಿಂದ ಹೊರಗೆ. ಬಲದ ಸೂಜಿ ಅದೇ ರೀತಿ ಎಡಕ್ಕೆ. ಪ್ರತಿ ಸಲ ಎಡದ್ದೇ ಮೊದಲು. ಒಮ್ಮೆ ಎಡ ಒಮ್ಮೆ ಬಲ ಮೊದಲು ಮಾಡಿದರೆ ದಾರ ದಾಟುವ ರೀತಿ ಬದಲಾಗಿ, ದೂರದಿಂದಲೇ ಎದ್ದು ಕಾಣುತ್ತದೆ.

ಒಂದೊಂದು ಹೊಲಿಗೆಯನ್ನೂ ಅಲ್ಲಲ್ಲೇ ಬಿಗಿಯಬೇಡಿ. ಶೂ ಲೇಸ್ ಹಾಕಿದ ಹಾಗೆ ಪೂರ್ತಿ ಸಡಿಲವಾಗಿ ಹಾಕಿಕೊಂಡು ಹೋಗಿ. ಆಮೇಲೆ ಹೇರ್ ಡ್ರೈಯರ್‌ನಿಂದ ಚರ್ಮವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಮೇಲಿಂದ ಒಂದೊಂದೇ ದಾಟನ್ನು ಮೊಂಡು ಕೊಕ್ಕೆಯಿಂದ ಎತ್ತಿ ಎಳೆಯುತ್ತಾ ಬನ್ನಿ. ಮೂರನೇ ಸಲ ಹೀಗೆ ಮಾಡುವಾಗ ಸಂದು ಮೇಲಿಂದ ಕೆಳಕ್ಕೆ ಮೆಲ್ಲಗೆ ಮುಚ್ಚಿಕೊಂಡು ಬಂತು. ಹೊಟ್ಟೆಯ ಬಳಿ ಇದ್ದ ಎರಡು ಸುಕ್ಕು ಕಣ್ಣೆದುರೇ ಮಾಯವಾದವು. ಒಂದು ಸಲ ಎಳೆದು ಮುಗಿಸಬೇಡಿ. ಕೆಳಗೆ ಬಂದು ಮತ್ತೆ ಮೇಲಿಂದ ಶುರು ಮಾಡಿ. ಎರಡನೇ ಸಲಕ್ಕೆ ಇನ್ನೂ ಒಂದಿಷ್ಟು ಸಡಿಲ ಸಿಗುತ್ತದೆ. ಕೊನೆಗೆ ಒಳಗೆ ಎರಡು ಗಂಟು, ದಾರದ ತುದಿಯನ್ನು ಲೈಟರ್‌ನಿಂದ ಕರಗಿಸಿ ಒತ್ತಿ, ಕೆಳಗಿನ ಅಂಚನ್ನು ಅಂಟಿಸಿ ಬಳೆ ಕೂರಿಸಿ.

ಮತ್ತೆ ಹಾಕುವಾಗ

ಗೇರ್ ಸಂಖ್ಯೆಯ ಬಿಲ್ಲೆ ನೇರವಾಗಿದೆಯಾ ನೋಡಿ. ಗಾಡಿ ಸ್ಟಾರ್ಟ್ ಮಾಡದೆಯೇ ಕ್ಲಚ್ ಒತ್ತಿ ಎಲ್ಲ ಗೇರ್ ಹಾಕಿ ನೋಡಿ, ರಿವರ್ಸ್ ಕೂಡ. ಕಾಲರ್ ತಾನಾಗಿ ಕೆಳಗಿಳಿಯಬೇಕು. ಅಂಟು ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ.

ನಾಬ್ ಹೊಸದಾದ ಮೇಲೆ ಅದರ ಕೆಳಗಿನ ಗೇಟರ್ ಹಳೆಯದಾಗಿ ಕಾಣತೊಡಗಿದೆ. ಮುಂದಿನ ಕೆಲಸ ಅದೇ. ಅದು ಮೇಲೆ ಕಿರಿದು ಕೆಳಗೆ ಅಗಲವಾದ ನಾಲ್ಕು ಚಪ್ಪಟೆ ತುಂಡು. ಬಿಚ್ಚಿ ಮೇಜಿನ ಮೇಲೆ ಹರಡಿದರೆ ಒಂದು ಸೀಳೂ ಬೇಡದೆ ಮಲಗುತ್ತದೆ. ಅಲ್ಲಿ ಚರ್ಮ ಹಿಗ್ಗಬೇಕಾದ್ದೇ ಇಲ್ಲ, ಹಾಗಾಗಿ ಚಿಕ್ಕದಾಗಿ ಕತ್ತರಿಸಲೂ ಬಾರದು. ಬಿಗಿಯಾದರೆ ಲಿವರ್ ಅನ್ನು ಗೇರಿನಿಂದ ಹಿಂದಕ್ಕೆ ಎಳೆಯುತ್ತದೆ.