ಬಿಳಿಬಾಲದ ಜಿಂಕೆ ಮೊದಲು ನಂಬುವುದು ಮೂಗನ್ನು

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆ ಶುರುವಾಗುವುದು ನವೆಂಬರ್ 15ಕ್ಕೆ. ಅಂದು ಎಷ್ಟೋ ಊರುಗಳಲ್ಲಿ ಶಾಲೆಗೇ ರಜೆ. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಅದಾದ ಕೆಲವೇ ದಿನಕ್ಕೆ, ಪೆನ್ಸಿಲ್ವೇನಿಯಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ. ಲಕ್ಷಗಟ್ಟಲೆ ಜನ ಬೆಳಕು ಹರಿಯುವ ಮೊದಲೇ ಕಾಡು ಸೇರುತ್ತಾರೆ. ಅವರಲ್ಲಿ ಮೊದಲ ಸಲ ಲೈಸೆನ್ಸ್ ಮಾಡಿಸಿದವರೂ ಇರುತ್ತಾರೆ. ಹೊಸ ಬಂದೂಕು, ಹೊಸ ಬೂಟು, ಹೊಸ ದುರ್ಬೀನು. ಇಡೀ ದಿನ ಚಳಿಯಲ್ಲಿ ಕೂತು, ಒಂದು ಜಿಂಕೆಯನ್ನೂ ನೋಡದೆ ಎಷ್ಟೋ ಜನ ವಾಪಸ್ ಬರುತ್ತಾರೆ. ಆ ಕಾಡಿನಲ್ಲಿ ಜಿಂಕೆಯೇ ಇಲ್ಲ ಅನ್ನುತ್ತಾರೆ.

ಜಿಂಕೆ ಇತ್ತು. ಇವರು ಬಂದದ್ದು ಅದಕ್ಕೆ ಗೊತ್ತಾಯಿತು, ಅದು ಇದ್ದದ್ದು ಇವರಿಗೆ ಗೊತ್ತಾಗಲಿಲ್ಲ, ಅಷ್ಟೇ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಹಾಗೇ ಇರಬೇಕು ಅನ್ನುವವರಲ್ಲಿ ನಾನೂ ಒಬ್ಬ. ಅಮೆರಿಕದ ಲೆಕ್ಕ ಬೇರೆ. 1900ರ ಹೊತ್ತಿಗೆ ಮಾಂಸ ಮತ್ತು ಚರ್ಮದ ವ್ಯಾಪಾರಕ್ಕೆ ಬಲಿಯಾಗಿ ಅಲ್ಲಿನ ಬಿಳಿಬಾಲದ ಜಿಂಕೆಗಳು ಕೆಲವು ಲಕ್ಷಕ್ಕೆ ಇಳಿದಿದ್ದವು. ಆಮೇಲೆ ವ್ಯಾಪಾರಕ್ಕಾಗಿ ಕೊಲ್ಲುವುದು ನಿಂತಿತು, ಬೇಟೆಗೆ ಕಾಲ ಮತ್ತು ಮಿತಿ ಬಂತು. 1937ರ ಒಂದು ಕಾಯ್ದೆಯಿಂದ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೆ ಹೋಗತೊಡಗಿತು. ಈಗ ಅಲ್ಲಿ ಸುಮಾರು 3 ಕೋಟಿ ಬಿಳಿಬಾಲದ ಜಿಂಕೆಗಳಿವೆ. ತೋಳಗಳು ಬಹುಪಾಲು ಕಡೆ ಇಲ್ಲ. ಹಾಗಾಗಿ ಜಿಂಕೆಗಳ ಸಂಖ್ಯೆ ಹಿಡಿತದಲ್ಲಿಡುವ ಕೆಲಸ ಹೆಚ್ಚಾಗಿ ಬೇಟೆಗಾರರ ಮೇಲೆ ಬಿದ್ದಿದೆ. ಆ ಕೆಲಸ ಮಾಡುವವನು ಮೊದಲು ಪ್ರಾಣಿಯನ್ನು ಓದಲು ಕಲಿಯಬೇಕು. ಕ್ಯಾಮೆರಾ ಹಿಡಿದು ಕಾಡಿಗೆ ಹೋಗುವ ನಮಗೂ ಅದೇ ಪಾಠ ಬೇಕು.

ಎಲ್ಲಿಂದ ಶುರು ಮಾಡಬೇಕು? ಗಾಳಿಯಿಂದ.

ಹೊಸಬರಿಗೆ ಜಿಂಕೆಯ ಕಣ್ಣಿನ ಭಯ ಜಾಸ್ತಿ. ಎಲೆ ಚಿತ್ರದ ಬಟ್ಟೆಗೆ ದುಡ್ಡು ಸುರಿಯುತ್ತಾರೆ, ಮುಖಕ್ಕೆ ಬಣ್ಣ ಬಳಿಯುತ್ತಾರೆ. ಆದರೆ ಜಿಂಕೆ ಕಣ್ಣಿಂದ ಕಂಡದ್ದನ್ನು, ಕಿವಿಯಿಂದ ಕೇಳಿದ್ದನ್ನು ಇನ್ನೊಂದು ಸಲ ಪರೀಕ್ಷಿಸುತ್ತದೆ. ಮೂಗು ಹೇಳಿದ್ದನ್ನು ಪರೀಕ್ಷಿಸುವುದಿಲ್ಲ. ಮನುಷ್ಯನ ವಾಸನೆ ಬಡಿದರೆ ಓಟ. ಒಲೆಯ ಹೊಗೆ ಹೇಗೆ ಗಾಳಿ ಹೋದ ಕಡೆ ಹೋಗುತ್ತದೋ ಹಾಗೆ ನಮ್ಮ ಮೈವಾಸನೆಯೂ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಜಿಂಕೆ ಆಗಾಗ ಮೂಗು ನೆಕ್ಕಿಕೊಳ್ಳುವುದನ್ನು ನೀವು ನೋಡಿರಬಹುದು. ಒದ್ದೆ ಮೂಗಿಗೆ ವಾಸನೆಯ ಕಣಗಳು ಚೆನ್ನಾಗಿ ಅಂಟುತ್ತವೆ.

ಗಾಳಿ ಎಂದರೆ ಮೊಬೈಲ್‌ನಲ್ಲಿ ತೋರಿಸುವ ಗಾಳಿ ಮಾತ್ರ ಅಂದುಕೊಳ್ಳಬೇಡಿ. ಗುಡ್ಡಗಾಡಿನಲ್ಲಿ ಅದಕ್ಕೊಂದು ದಿನಚರಿ ಇದೆ. ಬಿಸಿಲು ಏರುತ್ತಿದ್ದಂತೆ ನೆಲ ಕಾಯುತ್ತದೆ, ಗಾಳಿ ಹಗುರಾಗಿ ಇಳಿಜಾರಿನ ಗುಂಟ ಮೇಲೇರುತ್ತದೆ. ಸಂಜೆ ತಣ್ಣಗಾದ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತದೆ. ಬೆಳಿಗ್ಗೆ ಜಿಂಕೆಗಿಂತ ಮೇಲೆ ಕೂತವನು ಬಚಾವ್, ಸಂಜೆ ಅದೇ ಜಾಗದಲ್ಲಿ ಕೂತರೆ ಅವನ ವಾಸನೆ ನೇರ ಕೆಳಗಿನ ಜಿಂಕೆಯ ಮೂಗಿಗೆ. ಅನುಭವಿಗಳು ಜೇಬಿನಲ್ಲಿ ಪುಡಿ ತುಂಬಿದ ಸಣ್ಣ ಬಾಟಲಿ ಇಟ್ಟುಕೊಂಡಿರುತ್ತಾರೆ. ಒಮ್ಮೆ ಅದುಮಿ, ಪುಡಿ ಯಾವ ಕಡೆ ತೇಲುತ್ತದೆ ನೋಡುತ್ತಾರೆ. ನನ್ನ ಪ್ರಕಾರ ಹೊಸಬ ಕೊಳ್ಳಬೇಕಾದ ಮೊದಲ ಸಾಮಾನು ಅದು. ಗಂಡು ಜಿಂಕೆಗೂ ಗಾಳಿಯ ಲೆಕ್ಕ ಗೊತ್ತು. ಅನುಮಾನ ಬಂದ ಜಾಗಕ್ಕೆ ನೇರ ಬರುವುದಿಲ್ಲ. ಸುತ್ತು ಹಾಕಿ, ಗಾಳಿ ತನ್ನ ಕಡೆ ಬೀಸುವ ಬದಿಗೆ ಬಂದು, ಮೂಸಿ ನೋಡಿ ಆಮೇಲೆ ನಿರ್ಧಾರ ಮಾಡುತ್ತದೆ.

ಓಕ್ ಮರದ ಕೆಳಗೆ ಕಾಯಿ ಮೇಯುತ್ತಿರುವ ಒಂದು ಹೆಣ್ಣು ಜಿಂಕೆಯನ್ನು ಹತ್ತಿರದಿಂದ ಗಮನಿಸಿ. ತಲೆ ಕೆಳಗೆ, ಬಾಲ ಆಗೊಮ್ಮೆ ಈಗೊಮ್ಮೆ ಸಣ್ಣಗೆ ಅಲ್ಲಾಡುತ್ತಿದೆ. ಇದು ನಿಶ್ಚಿಂತೆ. ಎಲ್ಲೋ ಒಂದು ಕಡ್ಡಿ ಮುರಿಯಿತು. ತಲೆ ಥಟ್ಟನೆ ಮೇಲೆ. ಎರಡೂ ಕಿವಿ ನಿಮ್ಮ ಕಡೆ. ಜಗಿಯುವುದು ಅರ್ಧಕ್ಕೇ ನಿಂತಿದೆ. ನೀವು ಅಲ್ಲಾಡದೆ ನಿಂತರೆ ಅದು ಮತ್ತೆ ಮೇಯುವ ಹಾಗೆ ತಲೆ ತಗ್ಗಿಸುತ್ತದೆ. ಹೊಸಬರು ಮೋಸ ಹೋಗುವುದು ಇಲ್ಲೇ. ಮೂತಿ ನೆಲ ಮುಟ್ಟುವ ಮೊದಲೇ ತಲೆ ಮತ್ತೆ ಮೇಲೆ! ಆ ಕ್ಷಣ ನೀವು ಅಲುಗಾಡಿದ್ದರೆ ಕೆಟ್ಟಿರಿ. ಇಷ್ಟಾದರೂ ಅನುಮಾನ ಹೋಗದಿದ್ದರೆ ಮುಂಗಾಲು ಎತ್ತಿ ನೆಲಕ್ಕೆ ಬಡಿಯುತ್ತದೆ. ಸದ್ದಿನ ಜೊತೆ ಗೊರಸಿನ ಸೀಳಿನಲ್ಲಿರುವ ಗ್ರಂಥಿಯ ವಾಸನೆಯೂ ನೆಲಕ್ಕೆ ಅಂಟುತ್ತದೆ. ಮುಂದಿನ ಹಂತ, ಮೂಗಿನಿಂದ ಜೋರಾಗಿ ಹೊರಡುವ ಸೀಟಿಯಂಥ ಉಸಿರು. ಕೊನೆಗೆ ಬಾಲದ ಅಡಿಯ ಬಿಳಿ ಬಣ್ಣ ಪೂರ್ತಿ ಕಾಣುವ ಹಾಗೆ ಬಾಲ ಎತ್ತಿ ಓಟ.

ಬೆನ್ನಟ್ಟುವವನಿಗೆ ತನ್ನನ್ನೇ ತೋರಿಸಿಕೊಂಡು ಓಡುವುದು ಏಕೆ? ನಿನ್ನನ್ನು ನೋಡಿಯಾಯಿತು, ಇನ್ನು ಅಟ್ಟಿಸಿಕೊಂಡು ಬಂದು ಪ್ರಯೋಜನವಿಲ್ಲ ಎಂದು ಬೇಟೆಯಾಡುವ ಪ್ರಾಣಿಗೆ ತಿಳಿಸುವುದೇ ಆ ಬಾಲದ ಕೆಲಸ ಎಂಬುದು ವಿಜ್ಞಾನಿಗಳು ಕೊಡುವ ಒಂದು ಮುಖ್ಯ ವಿವರಣೆ. ಬಂಡೀಪುರ, ನಾಗರಹೊಳೆಯಲ್ಲಿ ಹುಲಿ ಕಂಡ ಚುಕ್ಕೆ ಜಿಂಕೆಗಳು ಬಾಲ ಎತ್ತಿ, ಮುಂಗಾಲು ಬಡಿದು, ಅದರ ಕಡೆಗೇ ಮುಖ ಮಾಡಿ ಕೂಗುತ್ತವಲ್ಲ, ಅಲ್ಲೂ ಕೆಲಸ ಮಾಡುವುದು ಇದೇ ತರ್ಕ. ಹೊಂಚು ಹಾಕಿ ಹಿಡಿಯುವ ಪ್ರಾಣಿಗೆ ಗುಟ್ಟು ರಟ್ಟಾದ ಮೇಲೆ ಉಳಿಯುವುದೇನು?

ಇನ್ನು ಕಣ್ಣಿನ ವಿಷಯ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬಂದೂಕಿನ ಬೇಟೆಗೆ ಹೋಗುವವರು ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಲೇಬೇಕು. ಇನ್ನೊಬ್ಬ ಬೇಟೆಗಾರನ ಗುಂಡು ತಗುಲದಿರಲಿ ಎಂಬುದಕ್ಕೆ ಈ ನಿಯಮ. ಇದನ್ನು ಹಾಕಿದರೆ ಜಿಂಕೆಗೆ ಕಾಣುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. 1990ರ ದಶಕದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಕಣ್ಣಿನ ವಿಜ್ಞಾನಿಗಳ ಜೊತೆ ಸೇರಿ, ಜಿಂಕೆಯ ಕಣ್ಣು ಯಾವ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂದು ಅಳೆದರು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಜಿಂಕೆಗೆ ಎರಡೇ. ಒಂದು ನೀಲಿಗೆ, ಇನ್ನೊಂದು ಹಸಿರು-ಹಳದಿಗೆ. ಕೆಂಪಿಗೆ ಬೇರೆ ಕೋಶ ಇಲ್ಲ. ನಮಗೆ ಬೆಂಕಿಯಂತೆ ಕಾಣುವ ಕಿತ್ತಳೆ ಅದಕ್ಕೆ ಸುತ್ತಲಿನ ಎಲೆ-ಹುಲ್ಲಿನ ಬಣ್ಣದಲ್ಲೇ ಸೇರಿಹೋಗುತ್ತದೆ.

ಆದರೆ ನೀಲಿ ಅದಕ್ಕೆ ನಮಗಿಂತ ಚೆನ್ನಾಗಿ ಕಾಣುತ್ತದೆ. ನಮ್ಮ ಕಣ್ಣಿನ ಮಸೂರ ನೇರಳಾತೀತ ಕಿರಣಗಳನ್ನು ತಡೆಯುತ್ತದೆ, ಜಿಂಕೆಯ ಮಸೂರ ಅವುಗಳಲ್ಲಿ ಒಂದಷ್ಟನ್ನು ಒಳಗೆ ಬಿಡುತ್ತದೆ. ಇದರಿಂದ ಹುಟ್ಟುವ ಒಂದು ಸಮಸ್ಯೆ ಬಟ್ಟೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಟ್ಟೆ ಬೆಳ್ಳಗೆ ಹೊಳೆಯಲಿ ಎಂದು ಎಷ್ಟೋ ಸೋಪಿನ ಪುಡಿಗಳಲ್ಲಿ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಅದು ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಬೆಳಗಿನ ಮಬ್ಬು ಬೆಳಕಿನಲ್ಲಿ ನೀಲಿಯ ಪಾಲು ಜಾಸ್ತಿ ಬೇರೆ. ದುಬಾರಿ ಬೇಟೆ ಬಟ್ಟೆಯನ್ನು ಆ ಪುಡಿಯಲ್ಲಿ ಒಗೆದು, ಮೇಲೆ ಜೀನ್ಸ್ ಪ್ಯಾಂಟು ಹಾಕಿಕೊಂಡು ಹೋದವನು ಜಿಂಕೆಗೆ ಚೆನ್ನಾಗಿಯೇ ಕಾಣುತ್ತಾನೆ.

ಕಣ್ಣು ತಲೆಯ ಎರಡು ಬದಿಗಿರುವುದರಿಂದ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 300 ಡಿಗ್ರಿ ಅದಕ್ಕೆ ತಲೆ ತಿರುಗಿಸದೆಯೇ ಕಾಣುತ್ತದೆ. ನಮ್ಮಷ್ಟು ಸೂಕ್ಷ್ಮ ಗೆರೆಗಳು ಕಾಣುವುದಿಲ್ಲ, ಆದರೆ ಅಲುಗಾಟ ತಪ್ಪಿಸಿಕೊಳ್ಳುವುದಿಲ್ಲ. ಹಾಗಾಗಿ ಬಟ್ಟೆಯ ಚಿತ್ತಾರಕ್ಕಿಂತ ಸುಮ್ನೆ ಕೂರುವ ಅಭ್ಯಾಸ ದೊಡ್ಡದು. ಕಿವಿಗಳೂ ಒಂದೊಂದು ಒಂದೊಂದು ಕಡೆಗೆ ತಿರುಗುತ್ತವೆ.

ಜಿಂಕೆ ಎಲ್ಲಿ ಸಿಗುತ್ತದೆ ಎಂಬುದನ್ನು ಅದರ ಹೊಟ್ಟೆ ಹೇಳುತ್ತದೆ. ಹಸುವಿನ ಹಾಗೆ ಇದೂ ಮೆಲುಕು ಹಾಕುವ ಪ್ರಾಣಿ. ಬಯಲಿನಲ್ಲಿ ಬೇಗ ಬೇಗ ಮೇಯ್ದು, ಮರೆಗೆ ಹೋಗಿ ಮಲಗಿ, ನಿಧಾನವಾಗಿ ಮೆಲ್ಲುತ್ತದೆ. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಈ ಎರಡು ಜಾಗಗಳ ನಡುವೆ ಓಡಾಟ ಜೋರು. ಕಾಡು ಮತ್ತು ಹೊಲ ಸೇರುವ ಅಂಚು ಅದರ ಅಚ್ಚುಮೆಚ್ಚಿನ ಜಾಗ. ಬಿಳಿ ಓಕ್ ಮತ್ತು ಕೆಂಪು ಓಕ್ ಎರಡರ ಕಾಯೂ ಉದುರಿದ್ದರೆ ಮೊದಲು ಬಿಳಿ ಓಕ್ ಕಡೆಗೆ ಹೋಗುತ್ತದೆ, ಒಗರು ಕಡಿಮೆ ನೋಡಿ. ಹೊಸಬ ಬೇಟೆಯ ಕಾಲಕ್ಕೆ ಮುಂಚೆಯೇ ಹೋಗಿ ಹೆಜ್ಜೆ, ಹಿಕ್ಕೆ, ಎಲೆ ಒತ್ತಿ ಮಲಗಿದ ಗುರುತು ಇವನ್ನೆಲ್ಲ ಹುಡುಕಬೇಕು. ಹಾಗಂತ ಮಲಗುವ ಜಾಗಕ್ಕೇ ದಿನಾ ನುಗ್ಗಬಾರದು. ಬೇಟೆಯ ಕಾಲ ಶುರುವಾಗುತ್ತಿದ್ದಂತೆ ಜಿಂಕೆಗಳು ಬೇಟೆಗಾರರು ಕೂರುವ ಅಟ್ಟಣೆಗಳಿರುವ ಜಾಗವನ್ನು ಹಗಲಲ್ಲಿ ತಪ್ಪಿಸಿ ಓಡಾಡುತ್ತವೆ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದ ಅಧ್ಯಯನಗಳಲ್ಲಿ ಇದು ಸ್ಪಷ್ಟವಾಗಿದೆ. ಹುಣ್ಣಿಮೆ-ಅಮಾವಾಸ್ಯೆಯ ಪ್ರಕಾರ ಜಿಂಕೆ ಓಡಾಡುತ್ತದೆ ಎಂಬ ಹಳೆಯ ನಂಬಿಕೆಗೆ ಮಾತ್ರ ಆ ಪಟ್ಟಿಗಳಿಂದ ಹೇಳಿಕೊಳ್ಳುವಂಥ ಬೆಂಬಲ ಸಿಗಲಿಲ್ಲ.

ಈ ಎಲ್ಲ ನಿಯಮಗಳೂ ಸಡಿಲವಾಗುವುದು ಬೆದೆಗಾಲದಲ್ಲಿ. ಹಗಲು ಚಿಕ್ಕದಾಗುವುದನ್ನು ಕಣ್ಣು ಗುರುತಿಸುತ್ತದೆ. ಮೆದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವ ಅವಧಿ ಉದ್ದವಾಗುತ್ತದೆ. ಗಂಡಿನಲ್ಲಿ ಟೆಸ್ಟೋಸ್ಟಿರಾನ್ ಏರುತ್ತದೆ, ಕೊಂಬಿನ ಮೇಲಿನ ಮಖಮಲ್ಲಿನ ಚರ್ಮ ಒಣಗಿ ಉದುರುತ್ತದೆ, ಕತ್ತು ದಪ್ಪವಾಗುತ್ತದೆ. ಉತ್ತರದ ರಾಜ್ಯಗಳಲ್ಲಿ ಇದು ಉತ್ತುಂಗಕ್ಕೇರುವುದು ನವೆಂಬರಿನಲ್ಲಿ. ಗರ್ಭದ ಅವಧಿ ಸುಮಾರು 200 ದಿನ. ನವೆಂಬರಿನಲ್ಲಿ ಕೂಡಿದರೆ ಮೇ ಕೊನೆ, ಜೂನ್ ಹೊತ್ತಿಗೆ ಮರಿ. ಹುಲ್ಲು ಹಸಿರಾಗಿ ತಾಯಿಗೆ ಹಾಲು ತುಂಬುವ ಕಾಲ ಅದು. ಹೆಚ್ಚು ಕಡಿಮೆಯಾದರೆ ಮರಿ ಚಳಿಗಾಲ ದಾಟುವುದು ಕಷ್ಟ.

ನಮ್ಮ ಚುಕ್ಕೆ ಜಿಂಕೆಯ ಜೊತೆ ಇಟ್ಟು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಬಂಡೀಪುರದ ಒಂದೇ ಹಿಂಡಿನಲ್ಲಿ ಮಖಮಲ್ಲಿನ ಕೊಂಬಿನ ಗಂಡು, ಗಟ್ಟಿ ಕೊಂಬಿನ ಗಂಡು, ಕೊಂಬು ಉದುರಿದ ಗಂಡು ಮೂರೂ ಕಾಣಬಹುದು. ಹಿಮ ಬೀಳದ ನಾಡಿನಲ್ಲಿ ಎಲ್ಲರೂ ಒಂದೇ ತಿಂಗಳಲ್ಲಿ ಹುಟ್ಟಬೇಕಾದ ಒತ್ತಡ ಇಲ್ಲ. ಭಾರತ ಮೂಲದ ಈ ಜಿಂಕೆಗಳು 1868ರಲ್ಲಿ ಹವಾಯಿಯ ದೊರೆ 5ನೇ ಕಾಮೆಹಾಮೆಹಾಗೆ ಉಡುಗೊರೆಯಾಗಿ ಹೋದವು. 1932ರಲ್ಲಿ ಟೆಕ್ಸಾಸ್‌ಗೂ ಬಂದವು. ಟೆಕ್ಸಾಸ್‌ನಲ್ಲಿ ಅವು ಇವತ್ತಿಗೂ ವರ್ಷವಿಡೀ ಮರಿ ಹಾಕುತ್ತವೆ. ಅದೇ ಊರಿನ ಬಿಳಿಬಾಲದ ಜಿಂಕೆಗಳು ಕಾಲ ನೋಡಿ ಹಾಕುತ್ತವೆ. ಇನ್ನೂ ದಕ್ಷಿಣಕ್ಕೆ, ವೆನೆಜುವೆಲಾದಂಥ ಸಮಭಾಜಕದ ಹತ್ತಿರದ ನಾಡುಗಳಲ್ಲಿ, ಬಿಳಿಬಾಲದ ಜಿಂಕೆಯೇ ವರ್ಷವಿಡೀ ಬೆದೆಗೆ ಬರುತ್ತದೆ.

ಹೆಣ್ಣು ಬೆದೆಯಲ್ಲಿರುವುದು ಒಂದೆರಡು ದಿನ ಮಾತ್ರ. ಅದಕ್ಕೇ ಗಂಡು ಊಟ ಬಿಟ್ಟು ಮೂಗು ನೆಲಕ್ಕಿಟ್ಟು ಹಗಲಲ್ಲೂ ಅಲೆಯುತ್ತದೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ಕಾರು ಓಡಿಸುವ ಕನ್ನಡಿಗರು ಇದನ್ನು ನೆನಪಿಡಬೇಕು. ನವೆಂಬರಿನಲ್ಲಿ ಒಂದು ಹೆಣ್ಣು ರಸ್ತೆ ದಾಟಿತು ಎಂದು ತಕ್ಷಣ ವೇಗ ಹೆಚ್ಚಿಸಬೇಡಿ. ಹಿಂದೆ ಗಂಡು ಬರುತ್ತಿರಬಹುದು, ಅದಕ್ಕೆ ನಿಮ್ಮ ಕಾರಿನ ಪರಿವೆ ಇರುವುದಿಲ್ಲ.

ಈ ಕಾಲದಲ್ಲಿ ಗಂಡು ಬಿಡುವ ಗುರುತು ಎರಡು ಬಗೆ. ಒಂದು, ಎಳೆ ಮರದ ತೊಗಟೆಯನ್ನು ಕೊಂಬಿನಿಂದ ಉಜ್ಜಿ ಸುಲಿದದ್ದು, ಹಣೆಯ ಗ್ರಂಥಿಯ ವಾಸನೆ ಅಲ್ಲಿ ಉಳಿಯುತ್ತದೆ. ಇನ್ನೊಂದು, ಗೊರಸಿನಿಂದ ಎಲೆ ಸರಿಸಿ ಮಣ್ಣು ಕೆದರಿ ಮೂತ್ರ ಬಿಟ್ಟ ಜಾಗ. ಅದರ ಮೇಲೆ ಬಾಗಿದ ಒಂದು ಕೊಂಬೆ ಇದ್ದೇ ಇರುತ್ತದೆ. ಆ ಕೊಂಬೆಯ ತುದಿಯನ್ನು ಜಿಂಕೆ ಕಚ್ಚುತ್ತದೆ, ನೆಕ್ಕುತ್ತದೆ, ಕಣ್ಣಂಚಿಗೆ ಸವರಿಕೊಳ್ಳುತ್ತದೆ. ಆಮೇಲೆ ಬಂದ ಜಿಂಕೆ ಅದನ್ನೇ ಮೂಸುತ್ತದೆ, ಅದನ್ನೇ ನೆಕ್ಕುತ್ತದೆ. ಕೆದರಿದ ಹಸಿ ಮಣ್ಣು ಕಂಡ ಹೊಸಬನಿಗೆ ಖುಷಿಯೋ ಖುಷಿ. ಆದರೆ ಹೆಚ್ಚಿನವಕ್ಕೆ ಜಿಂಕೆ ಬರುವುದು ರಾತ್ರಿ. ಅದರ ಮುಂದೆಯೇ ಕಾದು ಕೂರುವುದಕ್ಕಿಂತ ಅಲ್ಲಿಂದ ಮಲಗುವ ತಾಣಕ್ಕೆ ಹೋಗುವ ಜಾಡು ಹುಡುಕುವುದು ವಾಸಿ.

ಈ ನೆಕ್ಕುವ ಕೊಂಬೆಗಳ ಬಗ್ಗೆ ಈಗ ವಿಜ್ಞಾನಿಗಳಿಗೆ ಇನ್ನೊಂದು ಚಿಂತೆ ಇದೆ. 1967ರಲ್ಲಿ ಕೊಲರಾಡೊದಲ್ಲಿ ಬಂಧನದಲ್ಲಿದ್ದ ಜಿಂಕೆಗಳಲ್ಲಿ ಮೊದಲು ಕಂಡ ಒಂದು ರೋಗ ಇವತ್ತು 30ಕ್ಕೂ ಹೆಚ್ಚು ರಾಜ್ಯಗಳಿಗೆ ಹಬ್ಬಿದೆ. ಇದಕ್ಕೆ ಕಾರಣ ಪ್ರಿಯಾನ್ ಎಂಬ ತಪ್ಪಾಗಿ ಮಡಚಿಕೊಂಡ ಪ್ರೋಟೀನ್. ಜಿಂಕೆ ಬಡಕಲಾಗುತ್ತದೆ, ಜೊಲ್ಲು ಸುರಿಸುತ್ತದೆ, ಮನುಷ್ಯರ ಭಯ ಬಿಡುತ್ತದೆ, ಕೊನೆಗೆ ಸಾಯುತ್ತದೆ. ಔಷಧಿ ಇಲ್ಲ, ಲಸಿಕೆ ಇಲ್ಲ. ಜೊಲ್ಲು, ಮೂತ್ರ, ಸೆಗಣಿಯಲ್ಲಿ ಹೊರಬಿದ್ದ ಪ್ರಿಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಲಕ್ಷಣ ಕಾಣುವ ಎಷ್ಟೋ ತಿಂಗಳ ಮೊದಲೇ ಜಿಂಕೆ ಅದನ್ನು ಹರಡುತ್ತಿರುತ್ತದೆ. ಒಂದೇ ಕೊಂಬೆಯನ್ನು ಹತ್ತು ಜಿಂಕೆ ನೆಕ್ಕುವ ಸ್ವಭಾವವನ್ನು ಯಾರೂ ಬದಲಿಸಲಾರರು. ಮನುಷ್ಯರು ಸೇರಿಸಿದ್ದನ್ನು ನಿಲ್ಲಿಸಬಹುದು. ಜೋಳದ ರಾಶಿ ಹಾಕಿ ಜಿಂಕೆಗಳನ್ನು ಒಂದೇ ಕಡೆ ಗುಂಪುಗೂಡಿಸುವುದನ್ನು, ಬಾಟಲಿಯಲ್ಲಿ ಮಾರುವ ಜಿಂಕೆ ಮೂತ್ರ ಚಿಮುಕಿಸುವುದನ್ನು ಹಲವು ರಾಜ್ಯಗಳು ನಿಷೇಧಿಸಿರುವುದು ಇದಕ್ಕೇ.

ರೋಗ ಇರುವ ಕಡೆ ಬೇಟೆಗಾರ ತಾನು ಹೊಡೆದ ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಡಬಹುದು, ಕೆಲವು ವಲಯಗಳಲ್ಲಿ ಕೊಡಲೇಬೇಕು. ಗಂಟಲಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆದು ನೋಡುತ್ತಾರೆ. ಈ ರೋಗ ಮನುಷ್ಯರಿಗೆ ಬಂದದ್ದು ಇದುವರೆಗೆ ದೃಢಪಟ್ಟಿಲ್ಲ. ಆದರೂ ರೋಗ ಖಚಿತವಾದರೆ ಆ ಮಾಂಸ ತಿನ್ನಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಫಲಿತಾಂಶ ಬರುವ ತನಕ ಮಾಂಸವನ್ನು ಬೇರೆಯಾಗಿ ಗುರುತು ಹಾಕಿ ಫ್ರೀಜರಿನಲ್ಲಿ ಇಟ್ಟರೆ ಸಾಕು.